ರಾಮನ್ ರೋಹಿತದಿಂದ ಹಿನ್ನೆಲೆ ಬೆಳಕನ್ನು ಕಳೆಯುವ ಕ್ರಮ

ಧಾನ್ಯವನ್ನು ತೂಗಿದ ಮೇಲೆ ಚೀಲದ ತೂಕವನ್ನು ಕಳೆಯಬೇಕೆಂಬುದು ಸಂತೆಗೆ ಹೋಗಿ ಬಂದ ಪ್ರತಿಯೊಬ್ಬ ರೈತನಿಗೂ ತಿಳಿದ ಸಂಗತಿಯೇ ಆಗಿದೆ. ಚೀಲದ ತೂಕಕ್ಕಿಂತ ಹೆಚ್ಚಾಗಿ ಕಳೆದರೆ ಬೆಳೆದವನಿಗೆ ನಷ್ಟ. ಕಡಿಮೆಯಾಗಿ ಕಳೆದರೆ ಕೊಂಡವನಿಗೆ ನಷ್ಟ. ಆದುದರಿಂದಲೇ ತಿಳಿದ ರೈತನು ತಕ್ಕಡಿಯನ್ನು ನೋಡುವಷ್ಟೇ ಎಚ್ಚರದಿಂದ, ಚೀಲಕ್ಕೆಂದು ಎಷ್ಟು ಕಳೆಯಲಾಯಿತೆಂಬುದನ್ನೂ ನೋಡುವನು. ಪದಾರ್ಥವನ್ನು ಬೆಳಕಿನಿಂದ ಪರೀಕ್ಷಿಸುವ ರಾಮನ್ ಯಂತ್ರಗಳು ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿ ಬಂದಿರುವುದರಿಂದ, ಇದೇ ಎಚ್ಚರವು ಬೆಳಕಿನ ತೂಕದಲ್ಲಿಯೂ ಅವಶ್ಯಕವಾಗಿರುತ್ತದೆ. ಸೊಪ್ಪಿನ ಮೇಲೆ ಔಷಧಿಯ ಶೇಷವಿದೆಯೇ, ಜೇನುತುಪ್ಪದಲ್ಲಿ ಬೆರಕೆಯಿದೆಯೇ ಎಂದು ಈ ಯಂತ್ರಗಳು ಹೇಳುವ ಮೊದಲು ಒಳಗೆ ಒಂದು ಕಳೆಯುವ ಲೆಕ್ಕವು ನಡೆಯುತ್ತದೆ. ಆ ಲೆಕ್ಕವು ಯಾವುದು, ಅದು ಎಲ್ಲಿ ತಪ್ಪಬಹುದು, ತಪ್ಪದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳು ಇಂದು ಮನೆಗಳಿಂದ ತುಂಬಿದ್ದರೂ ಅವು ಹಿಂದೆ ಹೊಲ ತೋಟಗಳಿದ್ದ ಗ್ರಾಮಗಳ ನೆಲವೇ ಆಗಿವೆ. ಜಯನಗರಕ್ಕೆ ೧೯೪೮ರಲ್ಲಿ ಅಸ್ತಿಭಾರವಾಯಿತು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರನ್ನು ಇಂದಿಗೂ ಹೊತ್ತಿವೆ. ಈ ಊರುಗಳ ಹೊಲಗಳು ಹೋದರೂ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಡಿಗೆಮನೆಗಳಿಗೆ ಸೊಪ್ಪು ತರಕಾರಿಗಳು ಬರುವುದು ನಿಂತಿಲ್ಲ. ದಕ್ಷಿಣದ ಹಳ್ಳಿಗಳಿಂದ ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಗೆ ಬೆಳಗಿನ ಜಾವ ಬರುವ ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿಗಳು ಮಧ್ಯಾಹ್ನದೊಳಗಾಗಿ ಮಾರಾಟವಾಗಬೇಕು. ಇಲ್ಲವಾದರೆ ಬಾಡಿ ಹೋಗುತ್ತವೆ. ಇಂಥ ಸರಕಿನ ಒಂದು ಗಾಡಿಯನ್ನು ಯಾವುದೋ ಒಂದು ಯಂತ್ರದ ಅಂಕಿಯ ಮೇಲೆ ತಡೆದರೆ, ಅಂಕಿಯು ತಪ್ಪೆಂದು ಸಾಯಂಕಾಲಕ್ಕೆ ತಿಳಿದರೂ ರೈತನಿಗೆ ಪ್ರಯೋಜನವಿಲ್ಲ. ಹಾಗೆಯೇ ವಿಷವಿರುವ ಸೊಪ್ಪನ್ನು ನಿರ್ದೋಷವೆಂದು ಬಿಟ್ಟರೆ ತಿನ್ನುವ ಮಕ್ಕಳಿಗೆ ಕೇಡು. ಆದಕಾರಣ ಈ ವಿಷಯವು ಕೇವಲ ಪ್ರಯೋಗಶಾಲೆಯವರಿಗೆ ಸೇರಿದುದೆಂದು ಗ್ರಾಮಮುಖಂಡರೂ ಭೂಮಾಲೀಕರೂ ಉದಾಸೀನರಾಗಿರತಕ್ಕದ್ದಲ್ಲ.

ರಾಮನ್ ಪರಿಣಾಮವೆಂದರೇನು

ಒಂದೇ ಬಣ್ಣದ ಬೆಳಕನ್ನು ಯಾವುದಾದರೊಂದು ಪದಾರ್ಥದ ಮೇಲೆ ಬಿಟ್ಟರೆ ಚದುರುವ ಬೆಳಕಿನಲ್ಲಿ ಬಹುಭಾಗವು ಬಂದ ಬಣ್ಣದಲ್ಲಿಯೇ ಹಿಂದಿರುಗುತ್ತದೆ. ಅತ್ಯಲ್ಪ ಭಾಗವು ಮಾತ್ರ, ಎಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು, ಪದಾರ್ಥದ ಅಣುಗಳ ಕಂಪನಕ್ಕೆ ಸ್ವಲ್ಪ ಶಕ್ತಿಯನ್ನು ಕೊಟ್ಟೋ ಅದರಿಂದ ಪಡೆದೋ ಬೇರೆ ಬಣ್ಣವಾಗಿ ಹೊರಬರುತ್ತದೆ. ಇದೇ ರಾಮನ್ ಪರಿಣಾಮವು. ಅಣುವಿನ ಕಂಪನಗಳು ಆಯಾ ಪದಾರ್ಥಕ್ಕೇ ವಿಶಿಷ್ಟವಾದುದರಿಂದ, ಬಣ್ಣವು ಎಷ್ಟು ಬದಲಾಯಿತೆಂಬುದನ್ನು ಅಳೆದರೆ ಆ ಪದಾರ್ಥವು ಯಾವುದೆಂದು ಹೇಳಬಹುದು. ಬದಲಾವಣೆಯನ್ನು ಒಂದು ಸೆಂಟಿಮೀಟರಿನಲ್ಲಿ ಅಡಕವಾಗುವ ಅಲೆಗಳ ಎಣಿಕೆಯಿಂದ ಹೇಳುವುದು ವಾಡಿಕೆಯು. ಇದಕ್ಕೆ ತರಂಗಸಂಖ್ಯೆಯೆಂದು ಹೆಸರು. ಅಡ್ಡಗೆರೆಯಲ್ಲಿ ತರಂಗಸಂಖ್ಯೆಯನ್ನೂ ನಿಲುಗೆರೆಯಲ್ಲಿ ಬೆಳಕಿನ ಪ್ರಮಾಣವನ್ನೂ ಗುರುತಿಸಿ ಬರೆದ ರೇಖೆಯೇ ರೋಹಿತವು. ಅದರಲ್ಲಿ ಮೇಲಕ್ಕೆ ಚೂಪಾಗಿ ಏಳುವ ಭಾಗಗಳನ್ನು ಶಿಖರಗಳೆನ್ನುವರು.

ಉದಾಹರಣೆಗೆ, ಹಸಿರೆಲೆಗಳಲ್ಲಿಯೂ ಕ್ಯಾರೆಟ್ಟಿನಲ್ಲಿಯೂ ಇರುವ ಕೆರೋಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯಗಳು ೧೧೫೭ ಮತ್ತು ೧೫೨೫ ತರಂಗಸಂಖ್ಯೆಗಳ ಸುಮಾರಿನಲ್ಲಿ ಶಿಖರಗಳನ್ನು ತೋರಿಸುತ್ತವೆ. ಬೀಜೋಪಚಾರದಲ್ಲಿ ಉಪಯೋಗಿಸುವ ಥೈರಮ್ ಎಂಬ ಶಿಲೀಂಧ್ರನಾಶಕವನ್ನು ಬೆಳ್ಳಿಯ ಅತಿ ಸೂಕ್ಷ್ಮ ಕಣಗಳೊಡನೆ ಬೆರೆಸಿ ನೋಡಿದರೆ ೧೩೮೦ರ ಸುಮಾರಿನಲ್ಲಿ ಪ್ರಬಲವಾದ ಶಿಖರವು ಕಾಣುತ್ತದೆ. ಒರಟಾದ ಬೆಳ್ಳಿಯ ಮೇಲೆ ರಾಮನ್ ಬೆಳಕು ಬಹಳ ಹೆಚ್ಚುವುದನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ೧೯೭೪ರಲ್ಲಿ ಮೊದಲು ಕಂಡರು. ನೀರು ಈ ಪ್ರದೇಶದಲ್ಲಿ ಅತಿ ದುರ್ಬಲವಾದ ರೋಹಿತವನ್ನು ಮಾತ್ರ ಕೊಡುವುದರಿಂದ ಹಸಿಯಾದ ಸೊಪ್ಪನ್ನು ಒಣಗಿಸದೆಯೇ ಪರೀಕ್ಷಿಸಬಹುದು. ವ್ಯವಸಾಯದ ಪದಾರ್ಥಗಳಿಗೆ ಈ ಕ್ರಮವು ಒಗ್ಗುವುದಕ್ಕೆ ಇದೇ ಮುಖ್ಯ ಕಾರಣವು.

ಹಿನ್ನೆಲೆಯು ಎಲ್ಲಿಂದ ಬರುತ್ತದೆ

ಕೋಟಿಗೊಂದು ಪಾಲಿನ ಬೆಳಕನ್ನು ಹುಡುಕುವಾಗ ಬೇರೆ ಯಾವ ಬೆಳಕು ಸ್ವಲ್ಪವೇ ಸೇರಿದರೂ ತೊಂದರೆಯಾಗುವುದು ಸಹಜ. ಇವುಗಳಲ್ಲಿ ಮುಖ್ಯವಾದುದು ಪ್ರತಿದೀಪ್ತಿ. ಕೆಲವು ಪದಾರ್ಥಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು, ಬಳಿಕ ಬೇರೆ ಬಣ್ಣದ ಬೆಳಕನ್ನು ತಾವಾಗಿ ಹೊರಚೆಲ್ಲುತ್ತವೆ. ಎಲೆಗೆ ಹಸಿರು ಬಣ್ಣವನ್ನು ಕೊಡುವ ಪತ್ರಹರಿತ್ತು ಇಂಥ ಪದಾರ್ಥವು. ಇದನ್ನು ಊರಿನ ಶಾಲೆಯಲ್ಲಿಯೇ ನೋಡಬಹುದು. ದಂಟಿನ ಸೊಪ್ಪನ್ನು ಅರೆದು ಸ್ಪಿರಿಟ್ಟಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯಾದ ದ್ರವವನ್ನು ಗಾಜಿನ ಲೋಟದಲ್ಲಿ ತುಂಬಬೇಕು. ಬೆಂಕಿಯನ್ನು ದೂರವಿಡಬೇಕು. ಕತ್ತಲೆಯ ಕೊಠಡಿಯಲ್ಲಿ ನೀಲಿ ಬೆಳಕಿನ ಟಾರ್ಚನ್ನು ಅದರ ಮೇಲೆ ಬಿಟ್ಟು ಪಕ್ಕದಿಂದ ನೋಡಿದರೆ, ಹಸಿರಾಗಿದ್ದ ದ್ರವವು ರಕ್ತವರ್ಣದಿಂದ ಹೊಳೆಯುವುದು. ಈ ಕೆಂಪು ಹೊಳಪೇ ಪತ್ರಹರಿತ್ತಿನ ಪ್ರತಿದೀಪ್ತಿ. ರಾಮನ್ ಬೆಳಕನ್ನು ಬರಿಗಣ್ಣಿನಿಂದ ಕಾಣುವುದು ಬಹು ಕಷ್ಟ. ಇದಾದರೋ ಮಕ್ಕಳಿಗೂ ಸುಲಭವಾಗಿ ಕಾಣುತ್ತದೆ. ಎರಡರ ಬಲದಲ್ಲಿ ಎಷ್ಟು ಅಂತರವಿದೆಯೆಂಬುದು ಇದರಿಂದಲೇ ವಿಶದವಾಗುವುದು.

ಮಣ್ಣನ್ನೂ ಕೆರೆಯ ನೀರನ್ನೂ ಪರೀಕ್ಷಿಸುವಾಗ ಇದೇ ಬಗೆಯ ತೊಂದರೆಯು ಕೊಳೆತ ಸಸ್ಯಾಂಶದಿಂದ ಬರುತ್ತದೆ. ಹೊಲಕ್ಕೆ ಸಾರವಾದ ಆ ಕಪ್ಪು ಅಂಶವು ಯಂತ್ರಕ್ಕೆ ಮಾತ್ರ ಹೊರೆಯು. ಇವಲ್ಲದೆ ಕೊಠಡಿಯ ದೀಪದ ಬೆಳಕು, ಮಾದರಿಯನ್ನು ಇಟ್ಟ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಯ ಬೆಳಕು, ಬೆಳಕಿಲ್ಲದಿರುವಾಗಲೂ ಯಂತ್ರವು ತೋರಿಸುವ ಸಣ್ಣ ಎಣಿಕೆ ಇವೆಲ್ಲವೂ ರೋಹಿತದಲ್ಲಿ ಸೇರುತ್ತವೆ. ಆಗಾಗ್ಗೆ ಅಂತರಿಕ್ಷದ ಕಿರಣವೊಂದು ಯಂತ್ರದ ಗ್ರಾಹಕಕ್ಕೆ ತಗುಲಿ ಸೂಜಿಯಂತಹ ಸುಳ್ಳು ಶಿಖರವನ್ನು ಎಬ್ಬಿಸುವುದೂ ಉಂಟು. ಪ್ರತಿದೀಪ್ತಿಯು ಸಾಮಾನ್ಯವಾಗಿ ಅಗಲವಾಗಿ, ಗುಡ್ಡದ ಇಳಿಜಾರಿನಂತೆ ಹರಡಿರುತ್ತದೆ. ರಾಮನ್ ಶಿಖರವು ಆ ಇಳಿಜಾರಿನ ಮೇಲೆ ನಿಂತ ಕಲ್ಲುಕಂಬದಂತೆ ಕಿರಿದಾಗಿರುತ್ತದೆ. ಕಂಬದ ಎತ್ತರವನ್ನು ತಿಳಿಯಬೇಕಾದರೆ ಅದರ ಬುಡದಲ್ಲಿ ನೆಲವು ಎಷ್ಟು ಎತ್ತರದಲ್ಲಿದೆಯೆಂದು ಮೊದಲು ತಿಳಿಯಬೇಕು. ಆ ನೆಲವನ್ನು ಗೊತ್ತುಮಾಡಿ ಕಳೆಯುವುದೇ ಹಿನ್ನೆಲೆಯನ್ನು ತೆಗೆಯುವ ಕೆಲಸವು. ಚೀಲದ ತೂಕವನ್ನು ಒಮ್ಮೆ ನೋಡಿದರೆ ಸಾಕು. ಇಲ್ಲಿಯಾದರೋ ಒಂದೊಂದು ಸ್ಥಳದಲ್ಲಿಯೂ ಚೀಲದ ತೂಕವು ಬೇರೆಯಾಗಿರುತ್ತದೆ.

ಹಿಂದಿನ ಇತಿಹಾಸದ ಒಂದು ಪಾಠ

ಹಿನ್ನೆಲೆಯನ್ನು ವಿವೇಚಿಸದೆ ಕಿತ್ತೊಗೆಯಬಾರದೆಂಬುದಕ್ಕೆ ರಾಮನ್ ಪರಿಣಾಮದ ಇತಿಹಾಸವೇ ಸಾಕ್ಷಿಯಾಗಿದೆ. ೧೯೨೩ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾದ ಕೆ. ಆರ್. ರಾಮನಾಥನ್ನರು ನೀರಿನಲ್ಲಿ ಚದುರಿದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ ಬಣ್ಣ ಬದಲಾದ ಒಂದು ಮಂದವಾದ ಬೆಳಕನ್ನು ಕಂಡರು. ಅದು ಕಲ್ಮಷದಿಂದ ಬಂದ ದುರ್ಬಲ ಪ್ರತಿದೀಪ್ತಿಯಿರಬೇಕೆಂದು ಆಗ ಭಾವಿಸಲಾಯಿತು. ಕಲ್ಮಷವಾದರೆ ಶೋಧಿಸಿದಷ್ಟೂ ಕಡಿಮೆಯಾಗಬೇಕಷ್ಟೆ. ದ್ರವವನ್ನು ಪುನಃ ಪುನಃ ಭಟ್ಟಿಯಿಳಿಸಿದರೂ ಆ ಬೆಳಕು ಹೋಗಲಿಲ್ಲ. ೧೯೨೮ನೆಯ ಜನವರಿಯಲ್ಲಿ ಎಸ್. ವೆಂಕಟೇಶ್ವರನ್ನರು ಚೆನ್ನಾಗಿ ಶುದ್ಧಿಮಾಡಿದ ಗ್ಲಿಸರಿನ್ನಿನಲ್ಲಿ ಚದುರಿದ ಸೂರ್ಯನ ಬೆಳಕು ನೀಲಿಯಾಗಿರದೆ ಹಸಿರಾಗಿರುವುದನ್ನೂ, ಅದು ಪ್ರಬಲವಾಗಿ ಧ್ರುವೀಕರಣ ಹೊಂದಿರುವುದನ್ನೂ, ಎಂದರೆ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವುದನ್ನೂ ಕಂಡರು. ಸಾಮಾನ್ಯ ಪ್ರತಿದೀಪ್ತಿಯಲ್ಲಿ ಈ ಗುಣವನ್ನು ನಿರೀಕ್ಷಿಸತಕ್ಕದ್ದಲ್ಲ. ಅಲ್ಲಿಂದ ಮುಂದೆ ರಾಮನ್ನರೂ ಕೆ. ಎಸ್. ಕೃಷ್ಣನ್ನರೂ ಬಿಡುವಿಲ್ಲದೆ ಪರೀಕ್ಷೆಗಳನ್ನು ನಡೆಸಿ, ೧೯೨೮ನೆಯ ಫೆಬ್ರವರಿ ೨೮ರಂದು ಅದು ಹೊಸ ಬಗೆಯ ಬೆಳಕೆಂದು ಖಚಿತಪಡಿಸಿಕೊಂಡರು.

ಈ ಶೋಧವನ್ನು ರಾಮನ್ನರು ವಿದ್ವತ್ಸಭೆಯ ಮುಂದೆ ವಿಸ್ತಾರವಾಗಿ ನಿರೂಪಿಸಿದುದು ಬೆಂಗಳೂರಿನಲ್ಲಿಯೇ. ೧೯೨೮ನೆಯ ಮಾರ್ಚ್ ೧೬ರಂದು ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಅವರ ಉಪನ್ಯಾಸವಾಯಿತು. ೧೯೩೦ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದು, ೧೯೭೦ರಲ್ಲಿ ಕಾಲವಾಗುವವರೆಗೂ ಈ ಊರಿನಲ್ಲಿಯೇ ನೆಲಸಿದರು. ಇಲ್ಲಿ ಗಮನಿಸಬೇಕಾದುದೇನೆಂದರೆ, ಕಲ್ಮಷದ ಹಿನ್ನೆಲೆಯೆಂದು ಎಣಿಸಲ್ಪಟ್ಟಿದ್ದ ಬೆಳಕೇ ಕೊನೆಗೆ ನಿಜವಾದ ಫಲವಾಯಿತು. ರಾಗಿಯ ಹೊಲದಲ್ಲಿ ರಾಗಿಯ ಪೈರನ್ನೇ ಹೋಲುವ ಕಳೆಯು ಹುಟ್ಟುತ್ತದೆ. ಗಂಟು ಬುಡಗಳನ್ನು ನೋಡದೆ ಕೀಳುವ ಕೂಲಿಯವನು ಕಳೆಯೊಡನೆ ರಾಗಿಯನ್ನೂ ಕೀಳುವನು. ಕೀಳುವ ಮೊದಲು ಪರೀಕ್ಷಿಸಬೇಕೆಂಬುದೇ ಇದರ ಪಾಠವು.

ಮೂಲದಲ್ಲಿಯೇ ತಗ್ಗಿಸುವ ಉಪಾಯಗಳು

ಬಂದ ಹಿನ್ನೆಲೆಯನ್ನು ಲೆಕ್ಕದಿಂದ ಕಳೆಯುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವುದು ಉತ್ತಮವು.

ಮೊದಲನೆಯದು ಬೆಳಕಿನ ಬಣ್ಣವನ್ನು ಆರಿಸುವುದು. ಪತ್ರಹರಿತ್ತಿನ ಕೆಂಪು ಹೊಳಪು ಎಲೆಯಲ್ಲಿ ೬೮೫ ನ್ಯಾನೋಮೀಟರ್ ತರಂಗದೂರದ ಸುಮಾರಿನಲ್ಲಿ ಹೆಚ್ಚಾಗಿರುತ್ತದೆ. ೬೩೩ ನ್ಯಾನೋಮೀಟರಿನ ಕೆಂಪು ಲೇಸರ್ ಬೆಳಕನ್ನು ಎಲೆಯ ಮೇಲೆ ಬಿಟ್ಟರೆ ೧೨೦೦ ತರಂಗಸಂಖ್ಯೆಯ ಶಿಖರವು ಬೀಳುವ ಸ್ಥಳವೂ ಸುಮಾರು ೬೮೫ ನ್ಯಾನೋಮೀಟರೇ ಆಗುತ್ತದೆ. ಎಂದರೆ, ಹುಡುಕಬೇಕಾದ ಸ್ಥಳದಲ್ಲಿಯೇ ಹೊಳಪು ಬಂದು ಕೂರುವುದು. ಆದುದರಿಂದ ಎಲೆಗಳಿಗೆ ಕಣ್ಣಿಗೆ ಕಾಣದ ೭೮೫ ಅಥವಾ ೧೦೬೪ ನ್ಯಾನೋಮೀಟರಿನ ಲೇಸರುಗಳನ್ನು ಉಪಯೋಗಿಸುವುದುಂಟು. ಇದಕ್ಕೂ ಬೆಲೆ ಕೊಡಬೇಕಾಗುತ್ತದೆ. ತರಂಗದೂರವು ಇಮ್ಮಡಿಯಾದರೆ ರಾಮನ್ ಬೆಳಕು ಹದಿನಾರರಲ್ಲೊಂದು ಪಾಲಿಗೆ ಇಳಿಯುವುದು. ೫೩೨ ನ್ಯಾನೋಮೀಟರಿನ ಹಸಿರು ಲೇಸರನ್ನು ಬಿಟ್ಟು ೧೦೬೪ಕ್ಕೆ ಹೋದವರು ಇದನ್ನು ಸಹಿಸಬೇಕು.

ಎರಡನೆಯದು ಬೆಳಕನ್ನು ಸ್ವಲ್ಪ ಹೊತ್ತು ಒಂದೇ ಸ್ಥಳದಲ್ಲಿ ನಿಲ್ಲಿಸಿ, ಪ್ರತಿದೀಪ್ತಿಯನ್ನು ಉಂಟುಮಾಡುವ ಅಂಶವನ್ನು ಸಾಯಿಸುವುದು. ಬಿಸಿಲಿನಲ್ಲಿ ಒಣಹಾಕಿದ ಬಟ್ಟೆಯ ಬಣ್ಣವು ಮಾಸುವಂತೆ ಆ ಹೊಳಪೂ ಕ್ರಮೇಣ ಮಾಸುವುದು. ಆದರೆ ಹಸಿಯ ಎಲೆಯು ಸುಟ್ಟುಹೋಗದಂತೆ ಎಚ್ಚರವಹಿಸಬೇಕು.

ಮೂರನೆಯದು ತರಂಗದೂರದಲ್ಲಿ ಅತ್ಯಲ್ಪ ವ್ಯತ್ಯಾಸವಿರುವ ಎರಡು ಲೇಸರುಗಳಿಂದ ಎರಡು ರೋಹಿತಗಳನ್ನು ತೆಗೆದು ಒಂದರಿಂದ ಮತ್ತೊಂದನ್ನು ಕಳೆಯುವುದು. ದೀಪವನ್ನು ಸರಿಸಿದರೆ ಕಂಬದ ನೆರಳು ಸರಿಯುವುದು, ಗೋಡೆಯ ಕಲೆಯು ಸರಿಯದು. ಹಾಗೆಯೇ ಲೇಸರನ್ನು ಬದಲಾಯಿಸಿದರೆ ರಾಮನ್ ಶಿಖರವು ಅದರೊಡನೆ ಸರಿಯುವುದು, ಪ್ರತಿದೀಪ್ತಿಯು ಇದ್ದಲ್ಲಿಯೇ ಇರುವುದು. ಬೆಳೆ ಯಾವುದು, ಕಳೆ ಯಾವುದು ಎಂಬುದನ್ನು ಹೀಗೆ ಪ್ರತ್ಯಕ್ಷವಾಗಿ ತಿಳಿಯಬಹುದು.

ನಾಲ್ಕನೆಯದು ಸಾಮಾನ್ಯ ಶುಚಿಯು. ಮಾದರಿಗೆ ಅಂಟಿದ ಮಣ್ಣನ್ನು ಕೊಡಹಬೇಕು. ಆದರೆ ಔಷಧಿಯ ಶೇಷವನ್ನು ಹುಡುಕುವಾಗ ಸೊಪ್ಪನ್ನು ತೊಳೆದರೆ ಹುಡುಕುವ ಪದಾರ್ಥವೇ ನೀರಿನೊಡನೆ ಹೋಗಬಹುದು. ಹೊರಗಿನ ಬೆಳಕು ಬೀಳದಂತೆ ಮುಚ್ಚಬೇಕು. ಖಾಲಿ ಡಬ್ಬಿಯ ರೋಹಿತವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಒಂದೇ ಮಾದರಿಯನ್ನು ಎರಡು ಮೂರು ಬಾರಿ ನೋಡಬೇಕು. ಒಂದು ಬಾರಿ ಮಾತ್ರ ಕಂಡು ಮರೆಯಾದ ಸೂಜಿಶಿಖರವು ಅಂತರಿಕ್ಷದ ಕಿರಣದ್ದೆಂದು ತಿಳಿಯಬಹುದು.

ಲೆಕ್ಕದಿಂದ ಕಳೆಯುವ ಕ್ರಮ

ಇಷ್ಟಾದರೂ ಉಳಿದ ಹಿನ್ನೆಲೆಯನ್ನು ಲೆಕ್ಕದಿಂದಲೇ ತೆಗೆಯಬೇಕಾಗುವುದು. ಇದಕ್ಕಿರುವ ಕ್ರಮಗಳಲ್ಲಿ ಕಾಗದ ಸೀಸದಕಡ್ಡಿಗಳಿಂದಲೇ ಮಾಡಿ ನೋಡಬಹುದಾದ ಒಂದನ್ನು ಇಲ್ಲಿ ತಿಳಿಸಿದೆ. ಇದನ್ನು ಆಸ್ಟ್ರೇಲಿಯಾ ದೇಶದ ವಿಜ್ಞಾನಿಗಳು ೧೯೮೮ರಲ್ಲಿ ಕ್ಷಕಿರಣಗಳ ರೋಹಿತಕ್ಕಾಗಿ ಪ್ರಕಟಿಸಿದರು. ಬಳಿಕ ರಾಮನ್ ರೋಹಿತಕ್ಕೂ ಉಪಯೋಗಕ್ಕೆ ಬಂದಿತು. ಕೆಳಗಿನದು ಅದರ ಸರಳವಾದ ರೂಪ; ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿದವು.

ಹನ್ನೊಂದು ಸ್ಥಳಗಳಲ್ಲಿ ಯಂತ್ರವು ತೋರಿಸಿದ ಎಣಿಕೆಗಳು ಕ್ರಮವಾಗಿ ಹೀಗಿವೆಯೆಂದು ಭಾವಿಸೋಣ:

೯೦೦, ೮೮೦, ೮೬೦, ೮೪೦, ೮೬೦, ೯೦೦, ೮೨೦, ೭೬೦, ೭೪೦, ೭೨೦, ೭೦೦.

ಐದು, ಆರು, ಏಳನೆಯ ಸ್ಥಳಗಳಲ್ಲಿ ಒಂದು ಶಿಖರವಿರುವುದು ಕಣ್ಣಿಗೇ ಕಾಣುತ್ತದೆ. ಅದು ನಿಂತಿರುವ ನೆಲವನ್ನು ಕಂಡುಹಿಡಿಯಬೇಕಾಗಿದೆ.

ಮೊದಲನೆಯ ಸುತ್ತಿನಲ್ಲಿ ಪ್ರತಿಯೊಂದು ಸ್ಥಳದ ಅಂಕಿಯನ್ನೂ ಅದರ ಎಡಬಲಗಳ ಪಕ್ಕದ ಎರಡು ಅಂಕಿಗಳ ಸರಾಸರಿಯೊಡನೆ ಹೋಲಿಸಿ, ಎರಡರಲ್ಲಿ ಕಡಿಮೆಯಾದುದನ್ನು ಬರೆಯಬೇಕು. ಎರಡನೆಯ ಸುತ್ತಿನಲ್ಲಿ ಹೀಗೆ ಬಂದ ಹೊಸ ಅಂಕಿಗಳನ್ನು ತೆಗೆದುಕೊಂಡು, ಎರಡು ಸ್ಥಳಗಳಾಚೆಯ ಅಂಕಿಗಳ ಸರಾಸರಿಯೊಡನೆ ಹೋಲಿಸಬೇಕು. ಮೂರನೆಯ ಸುತ್ತಿನಲ್ಲಿ ಮೂರು ಸ್ಥಳಗಳಾಚೆಯವುಗಳೊಡನೆ. ಒಂದೊಂದು ಸುತ್ತು ಮುಗಿಯುವವರೆಗೂ ಆ ಸುತ್ತಿನ ಆರಂಭದಲ್ಲಿದ್ದ ಅಂಕಿಗಳನ್ನೇ ಹೋಲಿಕೆಗೆ ಉಪಯೋಗಿಸಬೇಕು. ಅಂಚಿನಲ್ಲಿ ಎರಡು ಕಡೆಯೂ ನೆರೆಯಿಲ್ಲದ ಸ್ಥಳಗಳನ್ನು ಇದ್ದಂತೆಯೇ ಬಿಡಬೇಕು.

ಈ ಪ್ರಕಾರ ಮಾಡಿದರೆ ಐದು, ಆರು, ಏಳನೆಯ ಸ್ಥಳಗಳ ಅಂಕಿಗಳು ಮೊದಲನೆಯ ಸುತ್ತಿನ ಕೊನೆಯಲ್ಲಿ ೮೬೦, ೮೪೦, ೮೨೦ ಆಗುತ್ತವೆ. ಎರಡನೆಯ ಸುತ್ತಿನ ಕೊನೆಯಲ್ಲಿ ೮೪೦, ೮೦೦, ೮೦೦. ಮೂರನೆಯ ಸುತ್ತಿನ ಕೊನೆಯಲ್ಲಿ ೮೨೦, ೮೦೦, ೭೮೦. ಉಳಿದ ಸ್ಥಳಗಳ ಅಂಕಿಗಳು ಬದಲಾಗುವುದಿಲ್ಲ. ಈಗ ಸಾಲನ್ನು ಓದಿದರೆ ೯೦೦, ೮೮೦, ೮೬೦, ೮೪೦, ೮೨೦, ೮೦೦, ೭೮೦, ೭೬೦ ಎಂದು ಇಪ್ಪತ್ತಿಪ್ಪತ್ತಾಗಿ ಸಮನಾಗಿ ಇಳಿಯುವ ನೆಲವು ದೊರೆಯುತ್ತದೆ. ಇದನ್ನು ಮೊದಲಿನ ಅಂಕಿಗಳಿಂದ ಕಳೆದರೆ ಶಿಖರದ ಭಾಗವು ೪೦, ೧೦೦, ೪೦ ಆಗುತ್ತದೆ, ಒಟ್ಟು ೧೮೦.

ಇನ್ನು ಇದೇ ಲೆಕ್ಕವನ್ನು ಅವಸರದಿಂದ ಒಂದೇ ಸುತ್ತಿಗೆ ನಿಲ್ಲಿಸಿದರೆ ಏನಾಗುವುದೆಂಬುದನ್ನು ನೋಡತಕ್ಕದ್ದು. ಆಗ ಶಿಖರವು ೦, ೬೦, ೦ ಎಂದು ಬರುವುದು, ಒಟ್ಟು ೬೦. ಎರಡು ಸುತ್ತಿಗೆ ನಿಲ್ಲಿಸಿದರೆ ೨೦, ೧೦೦, ೨೦ ಎಂದು ಬರುವುದು, ಒಟ್ಟು ೧೪೦. ಸೊಪ್ಪು ಒಂದೇ, ಯಂತ್ರವು ಒಂದೇ, ಎಣಿಕೆಗಳೂ ಅವೇ. ಆದರೆ ಫಲವು ೬೦, ೧೪೦, ೧೮೦ ಎಂದು ಮೂರು ಬಗೆಯಾಯಿತು. ನೂರಕ್ಕೆ ಮೀರಿದರೆ ಸರಕನ್ನು ತಡೆಯಬೇಕೆಂದು ನಿಯಮವಿದ್ದ ಪಕ್ಷದಲ್ಲಿ, ಮೊದಲನೆಯ ಲೆಕ್ಕದಿಂದ ಸೊಪ್ಪು ಬಿಡುಗಡೆಯಾಗುವುದು, ಉಳಿದೆರಡರಿಂದ ತಡೆಯಲ್ಪಡುವುದು. ಇಲ್ಲಿ ಒಂದು ಸುತ್ತಿನ ಲೆಕ್ಕವು ಚೀಲದ ತೂಕದೊಡನೆ ಧಾನ್ಯವನ್ನೂ ಕಳೆದುಬಿಟ್ಟಿತು.

ಹಾಗೆಂದು ಸುತ್ತುಗಳನ್ನು ಮಿತಿಮೀರಿ ಹೆಚ್ಚಿಸುವುದೂ ಸರಿಯಲ್ಲ. ಮೇಲಿನ ಉದಾಹರಣೆಯಲ್ಲಿ ನೆಲವು ನೇರವಾಗಿ ಇಳಿದಿದೆ. ನಿಜವಾದ ಎಲೆಯ ರೋಹಿತದಲ್ಲಿ ನೆಲವು ಗುಡ್ಡದಂತೆ ಉಬ್ಬಿರುವುದುಂಟು. ಬಹಳ ದೂರದ ನೆರೆಯೊಡನೆ ಹೋಲಿಸಿದರೆ ಲೆಕ್ಕದ ಗೆರೆಯು ಉಬ್ಬಿನ ಕೆಳಗೆ ಹಾದು, ಉಬ್ಬೇ ಶಿಖರವೆಂದು ತೋರುವುದು. ಇದರಿಂದ ನಿರ್ದೋಷವಾದ ಸೊಪ್ಪಿನ ಮೇಲೆ ಅಪವಾದವು ಬರುವುದು. ಆದಕಾರಣ ಸುತ್ತುಗಳು ಶಿಖರದ ಬುಡವನ್ನು ದಾಟುವಷ್ಟು ಇರಬೇಕು, ಗುಡ್ಡವನ್ನು ದಾಟುವಷ್ಟು ಇರಬಾರದು.

ಇತರ ಕ್ರಮಗಳು

ರೂಢಿಯಲ್ಲಿರುವ ಬೇರೆ ಕ್ರಮಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ. ೨೦೦೩ರಲ್ಲಿ ಅಮೆರಿಕಾದ ಲೀಬರ್ ಮತ್ತು ಮಹಾದೇವನ್-ಜಾನ್ಸನ್ ಎಂಬುವರು ಪ್ರಕಟಿಸಿದ ಕ್ರಮದಲ್ಲಿ, ರೋಹಿತಕ್ಕೆ ಬಾಗಿದ ಒಂದು ಗೆರೆಯನ್ನು ಹೊಂದಿಸಿ, ಗೆರೆಗಿಂತ ಮೇಲಿರುವ ಭಾಗವನ್ನು ಗೆರೆಯ ಮಟ್ಟಕ್ಕೆ ಕತ್ತರಿಸಿ, ಮತ್ತೆ ಗೆರೆಯನ್ನು ಹೊಂದಿಸುತ್ತ ಹೋಗುವರು. ಗೆರೆಯು ಬಾಗಬಹುದಾದ ಪ್ರಮಾಣವನ್ನು ಹೆಚ್ಚಿಸಿದರೆ ಅದು ಶಿಖರದೊಳಕ್ಕೆ ನುಗ್ಗುವುದು. ಕಡಿಮೆಮಾಡಿದರೆ ಗುಡ್ಡವನ್ನು ಹಿಂಬಾಲಿಸಲಾರದು. ೨೦೦೫ರಲ್ಲಿ ಐಲರ್ಸ್ ಮತ್ತು ಬೂಲೆನ್ಸ್ ಎಂಬುವರು ತಿಳಿಸಿದ ಕ್ರಮದಲ್ಲಿ, ಹಿಗ್ಗುವ ಬಳ್ಳಿಯೊಂದನ್ನು ರೋಹಿತದ ಕೆಳಗಿನಿಂದ ಎಳೆದು ಕಟ್ಟಿದಂತೆ ಗೆರೆಯು ನಿಲ್ಲುತ್ತದೆ. ಗೆರೆಗಿಂತ ಮೇಲಿರುವ ಅಂಕಿಗಳಿಗೆ ಅತ್ಯಲ್ಪ ಮನ್ನಣೆಯನ್ನೂ ಕೆಳಗಿರುವ ಅಂಕಿಗಳಿಗೆ ಹೆಚ್ಚು ಮನ್ನಣೆಯನ್ನೂ ಕೊಡುವುದರಿಂದ ಶಿಖರಗಳು ಗೆರೆಯನ್ನು ಮೇಲಕ್ಕೆ ಎಳೆಯಲಾರವು. ಇಲ್ಲಿಯೂ ಬಳ್ಳಿಯ ಬಿಗಿಯನ್ನು ಮನುಷ್ಯನೇ ಗೊತ್ತುಮಾಡಬೇಕಾಗುವುದು. ಕೈಯಿಂದ ಗೊತ್ತುಮಾಡಬೇಕಾದ ಒಂದು ಅಂಶವಾದರೂ ಇಲ್ಲದ ಕ್ರಮವು ಸಾಮಾನ್ಯವಾಗಿ ಇಲ್ಲವೆಂದೇ ಹೇಳಬಹುದು. ಆ ಅಂಶವನ್ನು ಯಾರು, ಯಾವಾಗ, ಯಾವ ಆಧಾರದಿಂದ ಗೊತ್ತುಮಾಡಿದರೆಂಬುದೇ ವಿಚಾರಿಸತಕ್ಕ ಸಂಗತಿಯು.

ಕಳೆದರೂ ಹೋಗದ ಭಾಗ

ಹಿನ್ನೆಲೆಯನ್ನು ಕಳೆದ ಮಾತ್ರಕ್ಕೆ ಅದರಿಂದಾದ ಕೆಡಕೆಲ್ಲವೂ ಹೋಯಿತೆಂದು ತಿಳಿಯಬಾರದು. ಬೆಳಕು ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ ಬರುವುದರಿಂದ ಎಣಿಕೆಯು ಪ್ರತಿ ಸಲವೂ ಸ್ವಲ್ಪ ಹೆಚ್ಚು ಕಡಿಮೆಯಾಗುವುದು. ಈ ಏರಿಳಿತವು ಎಣಿಕೆಯ ವರ್ಗಮೂಲದಷ್ಟಿರುವುದು. ೧೦,೦೦೦ ಎಣಿಕೆಯ ಹಿನ್ನೆಲೆಯಲ್ಲಿ ಏರಿಳಿತವು ಸುಮಾರು ೧೦೦. ಅದರ ಮೇಲೆ ೧೦೦ ಎಣಿಕೆಯ ಶಿಖರವೊಂದಿದ್ದರೆ, ೧೦,೦೦೦ವನ್ನು ಕಳೆದ ಮೇಲೆಯೂ ಆ ೧೦೦ರ ಏರಿಳಿತವು ಉಳಿದು ಶಿಖರವನ್ನು ನುಂಗುವುದು. ಹಿನ್ನೆಲೆಯು ೧೦೦ ಮಾತ್ರವಿದ್ದಿದ್ದರೆ ಶಿಖರವೂ ಸೇರಿ ಎಣಿಕೆಯು ೨೦೦ ಆಗಿ ಏರಿಳಿತವು ಸುಮಾರು ೧೪ ಮಾತ್ರವಾಗುತ್ತಿತ್ತು. ಶಿಖರವು ಸ್ಪಷ್ಟವಾಗಿ ಕಾಣುತ್ತಿತ್ತು. ಕಾಲವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಸ್ಪಷ್ಟತೆಯು ಇಮ್ಮಡಿಯಾಗುವುದು, ಅದಕ್ಕಿಂತ ಹೆಚ್ಚಿಲ್ಲ. ಹಿನ್ನೆಲೆಯನ್ನು ಮೂಲದಲ್ಲಿಯೇ ತಗ್ಗಿಸಬೇಕೆಂದು ಮೇಲೆ ಒತ್ತಿ ಹೇಳಿದುದಕ್ಕೆ ಇದೇ ಕಾರಣವು. ಸಮನಾಗಿ, ನಯವಾಗಿ ಕಾಣುವ ರೋಹಿತವೆಲ್ಲ ನಂಬತಕ್ಕದ್ದೆಂದು ಭಾವಿಸಬಾರದು. ಏರಿಳಿತವನ್ನು ಒರಸಿಹಾಕಿಯೂ ರೇಖೆಯನ್ನು ನಯಮಾಡಬಹುದಷ್ಟೆ.

ಗ್ರಾಮಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಅಂಶಗಳು

೧. ಪರೀಕ್ಷೆಗೆ ಸರಕನ್ನು ಕೊಟ್ಟಾಗ ಹಿನ್ನೆಲೆಯನ್ನು ಕಳೆದ ರೋಹಿತವನ್ನು ಮಾತ್ರವಲ್ಲದೆ, ಕಳೆಯುವ ಮೊದಲಿನ ರೋಹಿತವನ್ನೂ, ಕಳೆದ ಗೆರೆಯನ್ನೂ ಒಂದೇ ಕಾಗದದ ಮೇಲೆ ಕೇಳಿ ಪಡೆಯಬೇಕು. ತೂಕದ ಚೀಟಿಯಲ್ಲಿ ಒಟ್ಟು ತೂಕ, ಚೀಲದ ತೂಕ, ನಿವ್ವಳ ತೂಕ ಮೂರೂ ಇರುವಂತೆ ಇಲ್ಲಿಯೂ ಮೂರು ಇರತಕ್ಕದ್ದು.

೨. ಔಷಧಿಯನ್ನೇ ಸಿಂಪಡಿಸದ, ಅದೇ ಜಾತಿಯ, ಅದೇ ವಯಸ್ಸಿನ ಸೊಪ್ಪಿನ ಒಂದು ಕಂತೆಯನ್ನು ಜೊತೆಯಲ್ಲಿ ಪರೀಕ್ಷಿಸಲು ಕೊಡಬೇಕು. ಅದರಲ್ಲಿ ಶಿಖರವು ಕಂಡರೆ ದೋಷವು ಲೆಕ್ಕದ್ದೇ ಹೊರತು ಸೊಪ್ಪಿನದಲ್ಲ. ತಿಳಿದ ಪ್ರಮಾಣದ ಔಷಧಿಯನ್ನು ಸೇರಿಸಿದ ಮತ್ತೊಂದು ಮಾದರಿಯಲ್ಲಿ ಅಷ್ಟೇ ಪ್ರಮಾಣವು ಹಿಂದಿರುಗಿ ಬರಬೇಕು. ಬಾರದಿದ್ದರೆ ಕಳೆಯುವಿಕೆಯು ಹೆಚ್ಚಾಗಿದೆಯೇ ಎಂದು ಮೊದಲು ವಿಚಾರಿಸಬೇಕು.

೩. ಲೆಕ್ಕದ ಕ್ರಮವನ್ನೂ ಅದರ ಸುತ್ತುಗಳನ್ನೂ ಪರೀಕ್ಷೆಗೆ ಮೊದಲೇ ಗೊತ್ತುಮಾಡಿ ಎಲ್ಲರ ಸರಕಿಗೂ ಒಂದೇ ಪ್ರಕಾರ ಅನ್ವಯಿಸಬೇಕು. ಫಲವನ್ನು ನೋಡಿದ ಮೇಲೆ ಲೆಕ್ಕವನ್ನು ಬದಲಾಯಿಸುವುದು, ತೂಗಿದ ಮೇಲೆ ಚೀಲವನ್ನು ಬದಲಾಯಿಸಿದಂತೆ.

೪. ಕೈಯಲ್ಲಿ ಹಿಡಿಯುವ ಯಂತ್ರವು ಸಂಶಯವನ್ನು ಎತ್ತುವುದಕ್ಕೆ ಯೋಗ್ಯವೇ ಹೊರತು, ಕೊನೆಯ ತೀರ್ಪನ್ನು ಕೊಡುವುದಕ್ಕಲ್ಲ. ಅದು ದೋಷವನ್ನು ತೋರಿಸಿದರೆ ಅದೇ ಮಾದರಿಯ ಒಂದು ಭಾಗವನ್ನು ಮೊಹರು ಮಾಡಿ ತಂಪಾಗಿಟ್ಟು, ಬೇರೆ ಬೇರೆ ಪದಾರ್ಥಗಳನ್ನು ಪ್ರತ್ಯೇಕಿಸಿ ತೂಗುವ ಸೌಕರ್ಯವುಳ್ಳ ಪ್ರಯೋಗಶಾಲೆಗೆ ಕಳುಹಿಸಬೇಕು.

೫. ಎಲ್ಲಕ್ಕಿಂತ ಮುಖ್ಯವಾಗಿ, ಔಷಧಿಯನ್ನು ಯಾವ ದಿನ, ಎಷ್ಟು ಪ್ರಮಾಣದಲ್ಲಿ ಸಿಂಪಡಿಸಲಾಯಿತು, ಕೊಯ್ಲು ಯಾವ ದಿನವಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿಯನ್ನು ತಪ್ಪದೆ ಪಾಲಿಸಬೇಕು. ಇದನ್ನು ಪಾಲಿಸದವನಿಗೆ ಲೆಕ್ಕದ ದೋಷವನ್ನು ಎತ್ತಿ ಆಡುವ ಅಧಿಕಾರವಿ­ಲ್ಲ.

ಯಂತ್ರವು ತೋರಿಸಿದುದೆಲ್ಲವನ್ನೂ ನಂಬುವುದೂ, ಯಂತ್ರವೆಂದೊಡನೆ ತಿರಸ್ಕರಿಸುವುದೂ ಎರಡೂ ಅವಿವೇಕವೇ ಸರಿ. ತಕ್ಕಡಿಯು ಹೊಸದಾಗಿ ಊರಿಗೆ ಬಂದ ಕಾಲದಲ್ಲಿ ಬಟ್ಟು, ಮುಳ್ಳು, ಚೀಲಗಳನ್ನು ನೋಡಿಕೊಳ್ಳುವುದನ್ನು ರೈತನು ಕಲಿತುಕೊಂಡನು. ಬೆಳಕಿನ ತಕ್ಕಡಿಯ ಮುಂದೆ ನಿಲ್ಲುವ ದಿನ ಬಂದಾಗ, ಏನನ್ನು ಕಳೆದಿರಿ, ಎಷ್ಟು ಕಳೆದಿರಿ, ಕಳೆಯುವ ಮೊದಲು ಏನಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದಕ್ಕೆ ಊರಿನ ಮುಖಂಡರು ಸಿದ್ಧರಾಗಿದ್ದರೆ, ಬೆಳೆದವನಿಗೂ ತಿನ್ನುವವನಿಗೂ ನ್ಯಾಯವು ದೊರೆಯುವುದರಲ್ಲಿ ಸಂದೇಹವಿಲ್ಲ.